ಎಂಟಕ್ಕೆ ಮುಚ್ಚುವ ಅಡುಗೆಮನೆ

ನವನಗರದ ಟೇಲರ್ ಹೊಳಬಸಪ್ಪನ ಟೇಪಿಗೆ ಊರಿನ ಅರ್ಧ ಗಂಡಸರ ಸೊಂಟ ಸಿಕ್ಕಿತ್ತು. ಮೂವತ್ತೆರಡು ವರ್ಷಗಳಿಂದ ಪ್ಯಾಂಟು ಹೊಲಿಯುತ್ತ ಬಂದವನು. ಹಳೆ ಬಾಗಲಕೋಟೆಯ ಓಣಿಯಲ್ಲಿ ಅಂಗಡಿ ಇದ್ದಾಗ ಇಪ್ಪತ್ತೆಂಟು ಇಂಚಿದ್ದ ಹುಡುಗರು, ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಲ್ಲರೂ ನವನಗರದ ಸೆಕ್ಟರುಗಳಿಗೆ ಬಂದ ಮೇಲೆ ಮೂವತ್ತಾರಾದರು, ನಲವತ್ತಾದರು. ಯಾರ ಹೊಟ್ಟೆ ಯಾವ ವರ್ಷ ಮುಂದೆ ಬಂತು ಎನ್ನುವುದು ಅವನಿಗೆ ಬಾಯಿಪಾಠವಾಗಿತ್ತು. "ಸಾಹೇಬ್ರ, ಹ್ವಾದ ವರ್ಷಕ್ಕಿಂತ ಎರಡ ಇಂಚ ಪ್ರಮೋಶನ್ ಆಗೇತ್ರಿ" ಎಂದು ಟೇಪು ಸುತ್ತುತ್ತ ಗಿರಾಕಿಗಳನ್ನು ಕಿಚಾಯಿಸುತ್ತಿದ್ದ. ಅವರೂ ನಗುತ್ತಿದ್ದರು. ತನ್ನ ಸ್ವಂತ ಹೊಟ್ಟೆಯ ತಂಟೆಗೆ ಮಾತ್ರ ಆತ ಐವತ್ತೆಂಟನೆಯ ವಯಸ್ಸಿನ ತನಕ ಹೋಗಿರಲಿಲ್ಲ.

ಹೊಳಬಸಪ್ಪ ಸುಲಭಕ್ಕೆ ಯಾವುದನ್ನೂ ನಂಬುವವನಲ್ಲ ಎಂದು ಓಣಿಯಲ್ಲಿ ಹೆಸರಿತ್ತು. ಆ ಹೆಸರು ಕೊಟ್ಟವನೂ ಅವನೇ. ಹೆಂಡತಿ ಸಿದ್ದಲಿಂಗವ್ವ ಶ್ರಾವಣ ಸೋಮವಾರ ಒಪ್ಪತ್ತು ಇದ್ದರೆ ದಿನವಿಡೀ ಆಡಿಕೊಳ್ಳುತ್ತಿದ್ದ. "ನಾವು ಬಸವಣ್ಣನ ಒಕ್ಕಲ. ನಮಗ ಕಾಯಕಾನ ವ್ರತ. ನೀ ಹೊಟ್ಟಿ ಖಾಲಿ ಇಟ್ರ ದೇವ್ರ ತೂಕ ಕಡಿಮಿ ಆಗ್ತೈತೇನು?" ಎಂದು ಕೇಳುತ್ತ ಅವಳ ಎದುರಿಗೇ ಕುಳಿತು ಎರಡು ರೊಟ್ಟಿ ಜಾಸ್ತಿ ಮುರಿಯುತ್ತಿದ್ದ. ಅವಳು ಸುಮ್ಮನೆ ಬಡಿಸುತ್ತಿದ್ದಳು. ಗುಳೇದಗುಡ್ಡದ ಮಗ್ಗದ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಗದ್ದಲದ ನಡುವೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವುದು ಅವಳಿಗೆ ಚಿಕ್ಕಂದಿನಿಂದ ರೂಢಿಯಾಗಿತ್ತು.

ಮಗ ಚೇತನಕುಮಾರ ಅಪ್ಪನಿಗೆ ದೊಡ್ಡ ಫೋನು ಕೊಡಿಸಿದ್ದೇ ತಪ್ಪಾಯಿತು. ಹೊಲಿಗೆ ಮಷೀನಿಗೆ ಒರಗಿಸಿಟ್ಟ ಆ ಫೋನಿನಲ್ಲಿ ಇಡೀ ದಿನ ಯಾರಾದರೊಬ್ಬರು ಊಟದ ಬಗ್ಗೆ ಉಪದೇಶ ಮಾಡುತ್ತಲೇ ಇರುತ್ತಿದ್ದರು. ಮುಂಜಾನೆಯ ನಾಷ್ಟಾ ಬಿಟ್ಟವನು ಕೆಟ್ಟ ಎಂದ ಒಬ್ಬ. ನಾಷ್ಟಾ ಮಾಡಿದವನೇ ಕೆಟ್ಟ ಎಂದ ಇನ್ನೊಬ್ಬ. ಎರಡು ತಾಸಿಗೊಮ್ಮೆ ಬಾಯಾಡಿಸುತ್ತಿರಬೇಕು ಎಂದು ಒಬ್ಬಾಕೆ ಬಟ್ಟಲು ಹಿಡಿದು ತೋರಿಸಿದಳು. ಜೋಳದ ರೊಟ್ಟಿ ಹೊಟ್ಟೆಗೆ ಹೋದ ಕೂಡಲೇ ಸಕ್ಕರೆಯಾಗುತ್ತದೆ ಎಂದು ಸೋಮವಾರ ಕೇಳಿದ ಹೊಳಬಸಪ್ಪ ಮೂರು ದಿನ ರೊಟ್ಟಿ ಬಿಟ್ಟ. ಗುರುವಾರದ ಪತ್ರಿಕೆಯಲ್ಲಿ ಜೋಳದಂಥ ಧಾನ್ಯ ಭೂಮಿಯ ಮೇಲೆಯೇ ಇಲ್ಲ ಎಂದು ಓದಿ ಬಿಟ್ಟಿದ್ದನ್ನೆಲ್ಲ ಬಡ್ಡಿಸಮೇತ ತಿಂದ. ದೇವರನ್ನು ಪ್ರಶ್ನೆ ಕೇಳುತ್ತಿದ್ದ ಮನುಷ್ಯ ಫೋನಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಸಿದ್ದಲಿಂಗವ್ವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ದವಾಖಾನೆಯ ಡಾಕ್ಟರು ದಿನಕ್ಕೆ ಒಂದು ತಾಸು ನಡೆಯಿರಿ, ಸಿಹಿ ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಉಂಡು ಗುಳಿಗೆ ತಗೊಳ್ಳಿ ಎಂದರು. ಇಷ್ಟು ಸಾದಾ ಮಾತು ಹೊಳಬಸಪ್ಪನ ಮನಸ್ಸಿಗೆ ಬರಲಿಲ್ಲ. ಇದನ್ನು ಹೇಳಲಿಕ್ಕೆ ಡಾಕ್ಟರೇ ಯಾಕೆ ಬೇಕು ಎಂದು ದಾರಿಯುದ್ದಕ್ಕೂ ಗೊಣಗಿದ. ಆ ರಾತ್ರಿಯೇ ಫೋನಿನಲ್ಲಿ ಅವನಿಗೆ ತಕ್ಕ ಗುರು ಸಿಕ್ಕ. ಬಿಳಿ ಕೋಟು, ಕೊರಳಲ್ಲಿ ಸ್ಟೆತಾಸ್ಕೋಪು, ಹಿಂದೆ ದಪ್ಪ ಪುಸ್ತಕಗಳ ಕಪಾಟು. ಯಾವ ಆಸ್ಪತ್ರೆಯಲ್ಲಿ ಯಾವ ರೋಗಿಯನ್ನು ನೋಡುತ್ತಾನೆ ಎಂದು ಆ ಮನುಷ್ಯ ಎಂದೂ ಹೇಳುತ್ತಿರಲಿಲ್ಲ. ಪ್ರತಿ ವಿಡಿಯೊದ ಕೊನೆಗೆ ಒಂದು ಹಸಿರು ಪುಡಿಯ ಡಬ್ಬಿಯನ್ನು ಮಾತ್ರ ಮರೆಯದೆ ತೋರಿಸುತ್ತಿದ್ದ. ದಿನಕ್ಕೆ ಎಂಟು ತಾಸು ಮಾತ್ರ ಊಟದ ಕಿಟಕಿ ತೆರೆಯಿರಿ, ಉಳಿದ ಹದಿನಾರು ತಾಸು ಮುಚ್ಚಿರಿ, ಸಕ್ಕರೆ ಕಾಯಿಲೆ ತಾನಾಗಿ ಮನೆ ಬಿಟ್ಟು ಹೋಗುತ್ತದೆ ಎಂದ. ತೊಂಬತ್ತು ದಿನ ತಪ್ಪದೆ ಮಾಡಿದವರಿಗೆ ಫೋಟೊ ಹಾಕಿದ ಸರ್ಟಿಫಿಕೇಟು ಕೊಡುತ್ತೇನೆ ಎಂದೂ ಹೇಳಿದ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ಹೊಳಬಸಪ್ಪನ ಹೆಸರಿನಲ್ಲಿ ಈ ತನಕ ಒಂದು ಸರ್ಟಿಫಿಕೇಟೂ ಇರಲಿಲ್ಲ.

ಮರುದಿನದಿಂದ ಮನೆಯಲ್ಲಿ ಹೊಸ ಕಾಯಿದೆ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಅಡುಗೆಮನೆ ತೆರೆಯಬೇಕು, ರಾತ್ರಿ ಎಂಟಕ್ಕೆ ಮುಚ್ಚಬೇಕು. "ನಿನ್ನ ಸಲುವಾಗೇ ಇದೆಲ್ಲಾ" ಎಂದು ಹೆಂಡತಿಗೆ ಹೇಳಿದ. ಸುಳ್ಳೇನಲ್ಲ, ಅವಳ ಮೇಲೆ ಅವನಿಗೆ ಪ್ರೀತಿ ಇತ್ತು. ಗಂಡ ತನಗಾಗಿ ಮುಂಜಾನೆಯ ಚಹಾ ಕೂಡ ಬಿಟ್ಟನಲ್ಲ ಎಂದು ಸಿದ್ದಲಿಂಗವ್ವನಿಗೂ ಒಳಗೊಳಗೇ ಹಿಗ್ಗು. ಆಕೆ ಒಪ್ಪಿದಳು.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಮತೀನ, ಹದಿನೈದು ವರ್ಷದಿಂದ ಜೊತೆಗಿದ್ದವನು. ಅವನಿಗೇ ಮೊದಲ ಪ್ರವಚನವಾಯಿತು.

"ಕಿಟಕಿ ಮನಿಗಿ ಇರ್ತಾವ ಕಾಕಾ, ಹೊಟ್ಟಿಗೂ ಇರ್ತಾವೇನ್ರಿ?" ಎಂದು ಮತೀನ ಕತ್ತರಿ ನಿಲ್ಲಿಸದೆ ಕೇಳಿದ.

"ನಿನಗ ತಿಳಿಯಂಗಿಲ್ಲಲೇ. ಇದು ಸಾಯನ್ಸು."

"ನಾವು ವರ್ಷಾ ಒಂದ ತಿಂಗಳ ರೋಜಾ ಇರ್ತೇವ್ರಿ. ಉಗುಳು ಸೈತ ನುಂಗಬೇಕಂದ್ರ ವಿಚಾರ ಮಾಡ್ತೇವಿ. ಖರೆ, ಊರ ತುಂಬ ಹೇಳ್ಕೋತ ತಿರಗಂಗಿಲ್ರಿ."

ಹೊಳಬಸಪ್ಪ ತಿರುಗಿದ. ಬಾದಾಮಿಯ ಮಾಸ್ತರರೊಬ್ಬರು ಸಫಾರಿ ಹೊಲಿಸಲು ಬಂದರೆ ತೋಳಿನ ಅಳತೆ ಬಿಟ್ಟು ಅವರ ಪಿತ್ತಕೋಶದ ಬಗ್ಗೆ ಮಾತಾಡಿದ. ಕಲಾದಗಿಯ ರೈತ ಗಿರಾಕಿ ಪ್ರೀತಿಯಿಂದ ಒಂದು ಬುಟ್ಟಿ ಚಿಕ್ಕು ತಂದಿಟ್ಟರೆ ಗಡಿಯಾರ ನೋಡಿ ಬುಟ್ಟಿಯನ್ನು ಆಚೆ ಸರಿಸಿದ. ಊರಲ್ಲಿ ಯಾರು ಎದುರಾದರೂ "ಊಟಾತೇನ್ರಿ" ಎಂದು ಕೇಳುವುದು ರೂಢಿ. ಹೂಂ ಎಂದು ಮುಂದೆ ಹೋದರೆ ಆಯಿತು. ಹೊಳಬಸಪ್ಪ ನಿಂತು ಹದಿನೈದು ನಿಮಿಷ ಉತ್ತರ ಕೊಡತೊಡಗಿದ. ಜನ ಅವನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟತೊಡಗಿದರು.

ಇನ್ನು ಹೊಟ್ಟೆಯ ಕಥೆ. ಹನ್ನೊಂದೂ ಐವತ್ತಕ್ಕೇ ತಾಟಿನ ಮುಂದೆ ಕುಳಿತಿರುತ್ತಿದ್ದ. ಹನ್ನೆರಡು ಬಡಿದದ್ದೇ ತಡ, ನಾಲ್ಕು ರೊಟ್ಟಿ, ಎಣಗಾಯಿ, ಮೊಸರು, ಅನ್ನ, ಸಾರು. ನಾಲ್ಕು ಗಂಟೆಗೆ ಗಿರಮಿಟ್ಟು, ಜೊತೆಗೆ ನಾಲ್ಕು ಮಿರ್ಚಿ ಭಜಿ, ಏಕೆಂದರೆ ಕಿಟಕಿ ತೆರೆದೇ ಇತ್ತಲ್ಲ. ಏಳೂವರೆಗೆ ಮತ್ತೆ ತಾಟು. ಕೊನೆಯ ತುತ್ತು ಏಳು ಐವತ್ತೊಂಬತ್ತಕ್ಕೆ ಒಳಗೆ ಹೋಗುತ್ತಿತ್ತು. ತಿಂಗಳಿಗೊಮ್ಮೆ ಉಸಿರು ಎಳೆದುಕೊಂಡು, ಟೇಪನ್ನು ಜಗ್ಗಿ ಹಿಡಿದು, ತಾನೇ ಅಳೆದುಕೊಂಡು "ಎರಡ ಇಂಚ ಇಳಿದೈತಿ" ಎಂದು ಸಾರುತ್ತಿದ್ದ. ಊರಿನವರ ಸೊಂಟವನ್ನು ಎಂದೂ ಹಾಗೆ ಜಗ್ಗಿ ಅಳೆದವನಲ್ಲ.

ಸಿದ್ದಲಿಂಗವ್ವನ ಕಥೆ ಬೇರೆ. ಬಿಸಿ ರೊಟ್ಟಿ ಒಂದೊಂದಾಗಿ ತಾಟಿಗೆ ಬೀಳಬೇಕು, ಬಡಿಯುವವಳು ಅವಳೊಬ್ಬಳೇ. ರಾತ್ರಿ ಗಂಡ, ಮಗ ಇಬ್ಬರೂ ಉಂಡು ಏಳಬೇಕು, ಆಮೇಲೆ ಒಲೆ ಕಟ್ಟೆ ಒರೆಸಬೇಕು. ಅಷ್ಟೊತ್ತಿಗೆ ಎಂಟು ಹೊಡೆದಿರುತ್ತಿತ್ತು. "ಟೈಮ್ ಆತ ನೋಡ, ಇನ್ನ ಬ್ಯಾಡ" ಎಂದು ಹೊಳಬಸಪ್ಪ ಪಡಸಾಲೆಯಿಂದ ಕೂಗಿ ಹೇಳುತ್ತಿದ್ದ. ಆಕೆ ಒಂದು ಲೋಟ ನೀರು ಕುಡಿದು, ಗುಳಿಗೆ ನುಂಗಿ, ಅಡುಗೆಮನೆಯ ಬಾಗಿಲು ಎಳೆದು ಮುಂದೆ ಮಾಡುತ್ತಿದ್ದಳು. ಎರಡನೆಯ ತಿಂಗಳಲ್ಲಿ ಒಂದು ಮುಂಜಾನೆ ಹಿಟ್ಟು ನಾದುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕುಳಿತಳು. ಹೊಳಬಸಪ್ಪ ಓಡಿ ಬಂದ, ಬೀಸಣಿಗೆಯಿಂದ ಗಾಳಿ ಹಾಕಿದ, ಆಮೇಲೆ ಬಿಳಿ ಕೋಟಿನವನ ಹದಿನೇಳನೆಯ ವಿಡಿಯೊ ಹಚ್ಚಿ ತೋರಿಸಿದ. ಮೈಯೊಳಗಿನ ವಿಷ ಹೊರಬೀಳುವಾಗ ಹೀಗೆ ತಲೆ ತಿರುಗುತ್ತದಂತೆ, ಹೆದರಬಾರದಂತೆ. "ಚಲೋ ಲಕ್ಷಣ ಇದು" ಎಂದ. ದವಾಖಾನೆಗೆ ಹೋಗಿ ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಎಂಬತ್ತಮೂರನೆಯ ದಿನ ಭಾನುವಾರ. ಅಂದು ಚೇತನಕುಮಾರನಿಗೆ ಕನ್ಯಾ ನೋಡಲು ಇಳಕಲ್ಲಿಗೆ ಹೋಗುವುದಿತ್ತು. ಚೇತನಕುಮಾರ ಲೈನ್‌ಮನ್, ವಯಸ್ಸು ಮೂವತ್ತಮೂರು. ಏಳು ಕಡೆ ನೋಡಿ ಏಳೂ ಕಡೆ ಒಂದಲ್ಲ ಒಂದು ಕೊಕ್ಕೆ ಬಿದ್ದಿತ್ತು. ಎಂಟನೆಯ ಸಂಬಂಧ ತಂದವಳು ಹುನಗುಂದದಲ್ಲಿದ್ದ ಸಿದ್ದಲಿಂಗವ್ವನ ತಂಗಿ ಮಹೇಶ್ವರಿ. ಹುಡುಗಿ ಶೀಲಾ, ಬಿ.ಎ. ಓದಿ ಅಪ್ಪನ ಜೊತೆ ಮಗ್ಗದ ಮೇಲೆ ಕೂಡ್ರುವವಳು. ಫೋನಿನಲ್ಲಿ ಎರಡು ಸಲ ಮಾತಾಡಿದ್ದಷ್ಟೆ, ಚೇತನಕುಮಾರ ಕಂಬ ಹತ್ತುವಾಗಲೂ ನಗುತ್ತಿದ್ದ. ಈ ಸಂಬಂಧ ಕೂಡಿ ಬರಬೇಕೆಂದು ಮನೆಯ ಮೂವರಿಗೂ ಜೀವ ಬಾಯಿಗೆ ಬಂದಿತ್ತು.

ಆ ಕಡೆಯ ಮನೆತನಗಳಲ್ಲಿ ಒಂದು ಪದ್ಧತಿ. ಕನ್ಯಾ ನೋಡಲು ಬಂದವರ ಮುಂದೆ ಶಿರಾ, ಉಪ್ಪಿಟ್ಟು ಇಡುತ್ತಾರೆ. ಗಂಡಿನ ಕಡೆಯ ಹಿರಿಯ ಮೊದಲು ಸಿಹಿ ಮುಟ್ಟಬೇಕು, ಆಮೇಲೆ ಉಳಿದವರು. ಆತ ಮುಟ್ಟಿದರೆ ಮಾತು ಮುಂದೆ ಹೋಯಿತು. ಮುಟ್ಟದೆ ಎದ್ದರೆ ಹುಡುಗಿ ಮನಸ್ಸಿಗೆ ಬಂದಿಲ್ಲ ಎಂದು ಅರ್ಥ. ಬಾಯಿ ಬಿಟ್ಟು ಯಾರೂ ಏನೂ ಹೇಳಬೇಕಾಗಿಲ್ಲ. ಇದು ಹೊಳಬಸಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ತನಗೆ ಕನ್ಯಾ ನೋಡಲು ಹೋದಾಗ ತನ್ನಪ್ಪ ಶಿರಾ ಎರಡು ಸಲ ಹಾಕಿಸಿಕೊಂಡಿದ್ದನ್ನು ಅವನೇ ಊರಿಗೆಲ್ಲ ಹೇಳುತ್ತಿದ್ದ.

ಇಳಕಲ್ಲಿನ ಮನೆಯಲ್ಲಿ ತಟ್ಟೆಗಳು ಬಂದಾಗ ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಹುಡುಗಿಯ ತಂದೆ ವಿಜಯಮಹಾಂತೇಶ ಕೈ ಮುಗಿದು ಹೇಳಿದ: "ಬಾಯಿ ಸಿಹಿ ಮಾಡ್ಕೋರಿ."

"ನಾ ಹನ್ನೆರಡರ ತನಕ ಏನೂ ಮುಟ್ಟಂಗಿಲ್ರಿ" ಎಂದ ಹೊಳಬಸಪ್ಪ.

"ಇವತ್ತ ಏನರ ವ್ರತ ಐತೇನ್ರಿ?"

ಹೌದು ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ವ್ರತಗಿತ ನಂಬುವವನಲ್ಲ ಎಂಬ ಜಂಬ ಅಡ್ಡ ಬಂತು. "ಛೇ, ವ್ರತ ಎಲ್ಲಿದ್ರಿ. ಇದು ಸಾಯನ್ಸು."

"ಹಂಗಾರ ಚಾ ಆದ್ರೂ ತಗೋರಿ."

"ಹಾಲು ಸಕ್ಕರಿ ಬಿದ್ರ ಎಂಬತ್ಮೂರು ದಿನದ್ದೂ ಕೆಟ್ಟ ಹೋಗ್ತೈತ್ರಿ" ಎಂದು ಹೊಳಬಸಪ್ಪ ತನ್ನ ಚೀಲದಿಂದ ಜೀರಿಗೆ ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದ. ಆಮೇಲೆ ಅರ್ಧ ತಾಸು ಮಾತಾಡಿದ. ಶಿರಾದ ಮೇಲಿನ ತುಪ್ಪ ಹೆಪ್ಪುಗಟ್ಟಿತು. ಚೇತನಕುಮಾರ ತನ್ನ ತಟ್ಟೆಯ ದ್ರಾಕ್ಷಿಯನ್ನೇ ನೋಡುತ್ತ ಕುಳಿತಿದ್ದ. ಒಳಗೆ ಮಗ್ಗ ತೋರಿಸಲು ಶೀಲಾ ಕರೆದುಕೊಂಡು ಹೋಗಿದ್ದ ಸಿದ್ದಲಿಂಗವ್ವ ಬಾಗಿಲಲ್ಲಿ ಬಂದು ನಿಂತು ಒಂದು ತುತ್ತಾದರೂ ಹಾಕಿಕೊಳ್ಳಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಅವನು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ವಿಜಯಮಹಾಂತೇಶ ಎದ್ದು ತಟ್ಟೆಗಳನ್ನು ತಾನೇ ಒಳಗೆ ಒಯ್ದ.

"ಚಲೋ ಮಂದಿ. ಒತ್ತಾಯ ಮಾಡ್ಲಿಲ್ಲ ನೋಡ" ಎಂದ ಹೊಳಬಸಪ್ಪ ಬಸ್ಸಿನಲ್ಲಿ. ಒತ್ತಾಯ ಮಾಡದ ಬೀಗರು ಬೀಗರಾಗುವುದಿಲ್ಲ ಎನ್ನುವುದು ಆ ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹನ್ನೆರಡಕ್ಕೆ ಸರಿಯಾಗಿ ಬುತ್ತಿ ಬಿಚ್ಚಿ ತಿಂದ. ಮಗ ಅವನ ಪಕ್ಕದಿಂದ ಎದ್ದು ಹಿಂದಿನ ಸೀಟಿಗೆ ಹೋಗಿ ಕುಳಿತ.

ಬುಧವಾರ ಮಹೇಶ್ವರಿಯ ಫೋನು ಬಂತು. ಅವಳು ಸುತ್ತಿ ಬಳಸಿ ಮಾತಾಡುವ ಪೈಕಿ ಅಲ್ಲ.

"ಮಾವಾರ, ಅವ್ರು ಬ್ಯಾಡ ಅಂದ್ರು."

"ಯಾಕಂತ? ಹುಡುಗ ಪಸಂದ ಬರ್ಲಿಲ್ಲೇನು?"

"ಹುಡುಗ ಬಂದಾನ. ಮನಿ ಬಂದಿಲ್ಲ. ಅನ್ನಕ್ಕ ಕೀಲಿ ಹಾಕೂ ಮನಿಗಿ ನಾ ಹೋಗಂಗಿಲ್ಲ ಅಂದಾಳಂತ ಹುಡುಗಿ. ಶಿರಾ ಮುಟ್ಲಿಲ್ಲಂತ ಅವರಪ್ಪಗ ಸಿಟ್ಟು. ಆಕೀದು ಅದಲ್ಲ. ಮಗ್ಗದ ಖೋಲ್ಯಾಗ ನಮ್ಮಕ್ಕ ತಲಿ ತಿರುಗಿ ಕಂಬಾ ಹಿಡಕೊಂಡ ನಿಂತಿದ್ಲಂತ. ತಿನ್ನಾಕ ಕೊಟ್ರ ಇನ್ನಾ ಟೈಮ್ ಆಗಿಲ್ಲವ್ವಾ ಅಂದ್ಲಂತ."

"ಕೀಲಿ ಯಾರ ಹಾಕ್ಯಾರ? ಬಾಗಲಾ ಮುಂದ ಮಾಡ್ತೇವಷ್ಟ" ಎಂದ ಹೊಳಬಸಪ್ಪ. ಹೇಳುವಾಗ ಅವನಿಗೇ ಅದು ಸಮಜಾಯಿಷಿಯಂತೆ ಕೇಳಿಸಲಿಲ್ಲ. ಮಗ ಎದುರಿಗೇ ನಿಂತಿದ್ದ. ಹಗ್ಗದ ಚೀಲ ಹೆಗಲಿಗೇರಿಸಿ ಡ್ಯೂಟಿಗೆ ಹೋದ. ಬೈದಿದ್ದರೆ ಹೊಳಬಸಪ್ಪ ತಿರುಗಿ ಬೈಯುತ್ತಿದ್ದ.

ಅಂಗಡಿಯಲ್ಲಿ ಇದನ್ನು ಕೇಳಿದ ಮತೀನ ಟೇಪು ತೆಗೆದುಕೊಂಡು ಬಂದ. "ನಿಂದರ್ರಿ ಕಾಕಾ. ಉಸಿರ ಬಿಡ್ರಿ." ಅಳೆದು, ಮೂರು ತಿಂಗಳ ಹಿಂದೆ ಕಾಕಾನಿಗೆ ತಾನೇ ಕತ್ತರಿಸಿದ ಪ್ಯಾಂಟಿನ ಚೀಟಿ ಹುಡುಕಿ ಮುಂದಿಟ್ಟ. ಸೊಂಟ ಒಂದೂವರೆ ಇಂಚು ಏರಿತ್ತು. "ನಿಮ್ಮ ಮನ್ಯಾಗ ಯಾರ ತೂಕ ಇಳಿದೈತಿ ಅಂತ ಒಮ್ಮಿ ನೋಡ್ರಿ" ಎಂದು ಹೇಳಿ ಮತೀನ ತನ್ನ ಕೆಲಸಕ್ಕೆ ಹೋದ.

ಹೊಳಬಸಪ್ಪ ಅಷ್ಟಾದರೂ ಫೋನು ಬಿಸಾಡಲಿಲ್ಲ. ಮಹೇಶ್ವರಿ ಅವರಿವರ ಕೈಕಾಲು ಹಿಡಿದು, ಮುಂದಿನ ಭಾನುವಾರ ಇನ್ನೊಮ್ಮೆ ಬಂದು ಹೋಗಲಿ ಎಂದು ಇಳಕಲ್ಲಿನವರನ್ನು ಒಪ್ಪಿಸಿದಳು. ಅದು ತೊಂಬತ್ತನೆಯ ದಿನ. ಸಂಜೆಗೆ ಸರ್ಟಿಫಿಕೇಟು ಬರಬೇಕು. ಹೊಳಬಸಪ್ಪ ಒಂದು ಹಂಚಿಕೆ ಹಾಕಿದ: ಇಳಕಲ್ಲಿನ ಬಾಗಿಲನ್ನು ಹನ್ನೆರಡರ ಮೇಲೆ ಐದು ನಿಮಿಷಕ್ಕೆ ಮುಟ್ಟಿದರೆ ಸೊಸೆಯೂ ಬಂದಳು, ಸರ್ಟಿಫಿಕೇಟೂ ಬಂತು. ಅದಕ್ಕಾಗಿ ಮೊದಲ ಬಸ್ಸು ಬಿಟ್ಟ, ಎರಡನೆಯದರಲ್ಲಿ ಸೀಟಿಲ್ಲವೆಂದ, ಹುನಗುಂದದಲ್ಲಿ ಇಳಿದು ಮಹೇಶ್ವರಿಯ ಮನೆಯಲ್ಲಿ ಕಾಲು ಚಾಚಿ ಕುಳಿತ. ಮಹೇಶ್ವರಿಗೆ ಅವನ ಆಟ ತಿಳಿಯಲು ತಡವಾಗಲಿಲ್ಲ. "ಏಳ್ರಿ ಮಾವಾರ" ಎಂದು ಟಂಟಂ ಆಟೊ ಕರೆಸಿ ಎಲ್ಲರನ್ನೂ ತುಂಬಿದಳು. ಇಳಕಲ್ಲಿಗೆ ಬಂದಾಗ ಹನ್ನೊಂದೂ ಹತ್ತು.

ಈ ಸಲ ಪಡಸಾಲೆಯಲ್ಲಿ ಎಲೆ ಹಾಕಿದಂತೆ ಸಾಲಾಗಿ ತಾಟುಗಳಿದ್ದವು. ತಾಟುಗಳಲ್ಲಿ ಏನೂ ಇರಲಿಲ್ಲ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

"ಕುಂದರ್ರಿ" ಎಂದ ವಿಜಯಮಹಾಂತೇಶ, ಬಲು ಮರ್ಯಾದೆಯಿಂದ. "ನಿಮ್ಮದು ಹನ್ನೆರಡಕ್ಕಲ್ರಿ? ನಮ್ಮದೇನ ಅವಸರ ಇಲ್ಲ. ಕಾಯೋಣ."

ತನ್ನ ನಿಯಮಕ್ಕೆ ಕೊನೆಗೂ ಬೆಲೆ ಬಂತೆಂದು ಹೊಳಬಸಪ್ಪ ಒಂದು ಗಳಿಗೆ ಖುಷಿಪಟ್ಟ. ಬಾಯಿ ಬಿಟ್ಟು ಪ್ರವಚನ ಶುರು ಮಾಡಬೇಕೆನ್ನುವಷ್ಟರಲ್ಲಿ ಶೀಲಾ ಹೊರಗೆ ಬಂದಳು. ಬೆರಳುಗಳಲ್ಲಿ ಇನ್ನೂ ರೇಷ್ಮೆ ಎಳೆ ಅಂಟಿಕೊಂಡಿತ್ತು. ಅವಳು ಹೊಳಬಸಪ್ಪನ ಕಡೆ ನೋಡಲಿಲ್ಲ, ಚೇತನಕುಮಾರನ ಕಡೆಯೂ ನೋಡಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದ ಸಿದ್ದಲಿಂಗವ್ವನ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತಳು.

"ಅವ್ವಾರ, ಒಂದ ಮಾತ ಕೇಳ್ತೇನ್ರಿ. ಖರೆ ಹೇಳ್ರಿ. ನಿಮಗ ಈಗ ಹಸಿವಾಗೇತೇನ್ರಿ?"

ಮೂವತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿಯನ್ನು ಯಾರಾದರೂ ಈ ಪ್ರಶ್ನೆ ಕೇಳಿದ್ದು ಹೊಳಬಸಪ್ಪನಿಗೆ ನೆನಪಾಗಲಿಲ್ಲ. ಕೇಳುವುದು ಅವಳ ಕೆಲಸ, ಹಸಿಯುವುದು ಉಳಿದವರ ಕೆಲಸ. ಸಿದ್ದಲಿಂಗವ್ವ ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು. ಸೆರಗಿನಿಂದ ತುಟಿ ಒರೆಸಿಕೊಂಡಳು.

"ಆಗೇತವ್ವಾ" ಎಂದಳು. "ಮೂರ ತಿಂಗಳಾತು."

ಹೊಳಬಸಪ್ಪ ಹೆಂಡತಿಯನ್ನು ನೋಡಿದ. ಖಣದ ಕುಪ್ಪಸದ ತೋಳು ಅವಳ ತೋಳಿನ ಸುತ್ತ ಸಡಿಲವಾಗಿ ಜೋಲುತ್ತಿತ್ತು. ಬಟ್ಟೆ ಒಂದು ನೂಲು ಸಡಿಲವಾದರೂ ದೂರದಿಂದ ಗುರುತಿಸುವ ಕಣ್ಣು ಅವನದು. ಆ ಕುಪ್ಪಸ ದಿನಾ ಅವನ ಮುಂದೆಯೇ ರೊಟ್ಟಿ ಬಡಿಯುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಮೈ ತುಂಬ, ಕಿವಿಯ ತನಕ ನಾಚಿಕೆಯಾಯಿತು.

ಬೀಗರ ಮನೆಯಲ್ಲಿ ಗಂಡಿನ ಕಡೆಯವರು ಬಾಯಿ ಬಿಟ್ಟು ಊಟ ಕೇಳುವುದು ಆ ಕಡೆ ಎಲ್ಲೂ ಇಲ್ಲ. ಹೊಳಬಸಪ್ಪ ಕೇಳಿದ. ಹನ್ನೊಂದೂ ಇಪ್ಪತ್ತಾಗಿತ್ತು.

"ಊಟಕ್ಕ ಹಾಕ್ರಿ" ಎಂದ. "ಮೊದಲ ಆಕಿಗೆ ಹಾಕ್ರಿ. ನನಗೂ ಹಾಕ್ರಿ. ಹೋಗ್ಲಿ ಅದು, ಸರ್ಟಿಫಿಕೇಟು."

ಶೀಲಾ ಎದ್ದು ನಿಂತಳು. ಸಿದ್ದಲಿಂಗವ್ವನ ಕೈ ಹಿಡಿದು ಎಬ್ಬಿಸಿದಳು. "ಬರ್ರಿ ಅತ್ತಿ, ಒಳಗ ಕುಂದರೂಣು. ಬಿಸಿ ಬಿಸಿ ಅದಾವ." ಅತ್ತಿ ಎಂದದ್ದು ಕೇಳಿ ಚೇತನಕುಮಾರ ತಲೆ ಎತ್ತಿದ. ಮಹೇಶ್ವರಿ ಕಣ್ಣೊರೆಸಿಕೊಂಡಳು. ಗಂಡಸರ ಪಂಕ್ತಿ ಏಳದೆ ಹೆಂಗಸರು ಕೂಡ್ರುವುದುಂಟೇ ಎಂದು ವಿಜಯಮಹಾಂತೇಶ ಏನೋ ಹೇಳಲು ಹೋಗಿ, ತಾನೇ ಬದಿಗೆ ಸರಿದು ದಾರಿ ಬಿಟ್ಟ.

ಹೊಸ್ತಿಲಲ್ಲಿ ಶೀಲಾ ಒಮ್ಮೆ ತಿರುಗಿದಳು.

"ನಿಮ್ಮದು ಹನ್ನೆರಡಕ್ಕಲ್ರಿ ಮಾವಾರ" ಎಂದಳು ತಣ್ಣಗೆ. "ಅಲ್ಲಿ ತನಕಾ ಕುಂತಿರ್ರಿ."

ಹೊಳಬಸಪ್ಪ ಖಾಲಿ ತಾಟಿನ ಮುಂದೆ ಕುಳಿತ. ತೊಂಬತ್ತು ದಿನದಲ್ಲಿ ಮೊದಲ ಸಲ ಅವನಿಗೆ ನಿಜವಾಗಿ ಹಸಿವಾಗಿತ್ತು. ಒಳಗೆ ಬಟ್ಟಲು ಇಟ್ಟ ಸಪ್ಪಳ, ತುಪ್ಪದ ಮಿಳ್ಳಿಯ ಸಪ್ಪಳ, ಇನ್ನೊಂದು ಹಾಕ್ಲೇನ್ರಿ ಅತ್ತಿ ಎಂದು ಶೀಲಾ ಕೇಳುವುದು, ಮತ್ತೆ ಕೇಳುವುದು. ಹೊಳಬಸಪ್ಪ ಕಿವಿಗೊಟ್ಟು ಕೇಳುತ್ತಿದ್ದ. ಹನ್ನೆರಡಾಗುವ ತನಕ ಕೇಳಿದರೂ ಸಿದ್ದಲಿಂಗವ್ವ ಸಾಕು ಎಂದದ್ದು ಅವನಿಗೆ ಒಮ್ಮೆಯೂ ಕೇಳಿಸಲಿಲ್ಲ.